ಕಾಣದ ಹಲ್ಲಿಗೆ ಬೆಲೆ ಇಲ್ಲವೇ?

ಮಗಳ ಕೆಳದವಡೆಯ ಹಲ್ಲೊಂದು ಒಸಡಿನೊಳಗೇ ಸಿಕ್ಕಿಕೊಂಡಿದೆ ಎಂದು ಇಂಗ್ಲೆಂಡಿನ ಲೆಸ್ಟರ್‌ನಿಂದ ದಾವಣಗೆರೆಗೆ ಫೋನ್ ಮಾಡಿ ಹೇಳಿದೆ. "ಮುಂದಿನ ಹಲ್ಲು ಚೆಂದ ಇದಾವಲ್ಲಪ್ಪ. ಹಿಂದಿಂದು ಯಾರು ನೋಡ್ತಾರೆ? ಕೀಳಿಸಿಬಿಡು" ಅಂದರು ಚಿಕ್ಕಮ್ಮ. ಪ್ರೀತಿಯಿಂದಲೇ ಅಂದರು. ಆದರೂ ಚುಚ್ಚಿತು.

ಇದು ಬುದ್ಧಿ ಹಲ್ಲಲ್ಲ. 12ರ ಆಸುಪಾಸಿನಲ್ಲಿ ಬರಬೇಕಾದ ಎರಡನೇ ದವಡೆ ಹಲ್ಲು. ಜಾಗ ಸಾಲದೆ ಮುಂದಕ್ಕೆ ವಾಲಿ ಪಕ್ಕದ ಹಲ್ಲಿಗೆ ಒರಗಿದೆ. ಸುಮ್ನೆ ಬಿಟ್ಟರೆ ಸಂದಿಯಲ್ಲಿ ಊಟ ಸಿಕ್ಕಿಕೊಂಡು ಪಕ್ಕದ ಒಳ್ಳೆಯ ಹಲ್ಲೂ ಹುಳುಕಾಗಬಹುದು.

ಇಂಗ್ಲೆಂಡಿನಲ್ಲಿ 18ರೊಳಗಿನ ಮಕ್ಕಳಿಗೆ ಕ್ಲಿಪ್ ಹಾಕುವ ಮುಂಚೆ ತೊಂದರೆಯನ್ನು 1ರಿಂದ 5ರವರೆಗೆ ಅಳೆಯುತ್ತಾರೆ. ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಅಂದರೆ 1 ಅಥವಾ 2. ಅದಕ್ಕೆ ಸರ್ಕಾರ ದುಡ್ಡು ಕೊಡುವುದಿಲ್ಲ. ಹೀಗೆ ಒಳಗೆ ಸಿಕ್ಕಿಕೊಂಡ ಹಲ್ಲಿಗೆ 5. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಚಿಕಿತ್ಸೆ ಉಚಿತ. ನಮ್ಮ ಕಡೆ ಇದು ಉಲ್ಟಾ. ಕ್ಲಿಪ್ ಅಂದರೆ ಮುಂದಿನ ಹಲ್ಲಿಗೆ, ಅದೂ ಹೆಣ್ಣು ನೋಡಲು ಬರುವ ಮುಂಚೆ. ಸೋದರಮಾವನ ಮಗಳಿಗೆ ಹಾಗೇ ಹಾಕಿಸಿದರು. ಅದೇ ಮನೆಯ ಹುಡುಗ ದವಡೆ ನೋವು ಅಂದಾಗ ಹಲ್ಲು ಕೀಳಿಸಿ ಕರೆತಂದರು. ಇವತ್ತಿಗೂ ಅವನು ರೊಟ್ಟಿಯನ್ನು ಒಂದೇ ಕಡೆ ಅಗಿಯುತ್ತಾನೆ. ಅಗಿಯೋಕೆ ಬೇಕಾಗೋದು ಹಿಂದಿನ ಹಲ್ಲೇ ಅಲ್ವಾ?

ಮಗಳಿಗೆ ಒಸಡು ಸ್ವಲ್ಪ ಬಿಡಿಸಿ, ಹಲ್ಲಿಗೆ ಪುಟ್ಟ ಬಟನ್ ಅಂಟಿಸಿ, ಸ್ಪ್ರಿಂಗ್ ತಂತಿ ಕಟ್ಟಿದ್ದಾರೆ. ವಾಲಿದ ಹಲ್ಲು ನಿಧಾನವಾಗಿ ನೆಟ್ಟಗಾಗುತ್ತಿದೆ. ಬೇರು ಪೂರ್ತಿ ಬೆಳೆಯುವ ಮುಂಚೆ ಮಾಡಿದರೆ ಸುಲಭವಂತೆ. ಡಾಕ್ಟರು ಎಕ್ಸ್‌ರೇ ತೋರಿಸಿ ಇದನ್ನೆಲ್ಲ ನನಗಲ್ಲ, ಅವಳಿಗೇ ವಿವರಿಸಿದರು. ಅದು ನನಗೆ ತುಂಬಾ ಹಿಡಿಸಿತು.

ಆದರೆ ಇಲ್ಲಿ ಕಾಯಿಸುತ್ತಾರೆ, ಅದನ್ನೂ ಹೇಳಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಬೇರು ಬೆಳೆದುಬಿಡುತ್ತೋ ಏನೋ ಅಂತ ನಾನೂ ನನ್ನ ಹೆಂಡತಿಯೂ ದಿನಾ ಹೆದರುತ್ತಿದ್ದೆವು. ದಾವಣಗೆರೆಯಲ್ಲಾದರೆ ಊರೊಳಗೇ ಡೆಂಟಲ್ ಕಾಲೇಜುಗಳಿವೆ. ಇದೇ ಬಟನ್, ಇದೇ ತಂತಿಯ ಕೆಲಸ ಗೊತ್ತಿರುವ ಡಾಕ್ಟರುಗಳು ಅಲ್ಲೂ ಇದ್ದಾರೆ. ಎರಡೂ ದವಡೆಯ ಎಲ್ಲ ಹಲ್ಲನ್ನೂ ಒಟ್ಟಿಗೆ ತೋರಿಸುವ ಓಪಿಜಿ ಎಕ್ಸ್‌ರೇಗೆ ಇಷ್ಟು ಕಾಯಬೇಕಿಲ್ಲ. ಹಲ್ಲು ತೀರಾ ಅಡ್ಡ ಮಲಗಿದ್ದರೆ ಕೀಳುವುದೇ ಸರಿ ಎಂದು ಇಲ್ಲಿನವರೂ ಹೇಳುತ್ತಾರೆ. ಹೇಳಲಿ, ಆದರೆ ಓಪಿಜಿ ನೋಡಿ ಹೇಳಲಿ. ನಿಮ್ಮ ಮಗುವಿಗೆ 14 ತುಂಬಿದರೂ ಆ ಹಲ್ಲು ಮೇಲೆ ಬಂದಿಲ್ಲ ಅಂದರೆ, ನೋವು ಬರಲಿ ಅಂತ ಕಾಯದೆ ಒಮ್ಮೆ ತೋರಿಸಿ.