ಬಣ್ಣ ಹಸಿರೇ ಇತ್ತು, ಗೆರೆ ಮಾತ್ರ ಮಲಗಿತ್ತು

ಮಗಳಿಗೆ ಆಗ ಎರಡು ತಿಂಗಳು. ವಿಡಿಯೋ ಕಾಲಿನಲ್ಲಿ ಅವಳನ್ನು ನೋಡಿದ ಅಮ್ಮ, "ಮಗು ಸೊರಗಿದೆಯಲ್ಲೋ, ಹಾಲು ಸಾಲ್ತಿಲ್ಲ ಅನ್ಸುತ್ತೆ" ಅಂದರು. ಅದೇ ವಾರ ಇಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಹೆಲ್ತ್ ವಿಸಿಟರ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ನರ್ಸ್, ಅವಳ ತೂಕ ನೋಡಿದ್ದರು. ಡೈಪರ್ ಕೂಡ ಬಿಚ್ಚಿಸಿ ತಕ್ಕಡಿಯ ಮೇಲೆ ಮಲಗಿಸಿದರು. ಮಗುವಿನ ಜೊತೆ ಎಲ್ಲ ಕಡೆ ಹೋಗುವ ಆರೋಗ್ಯದ ಪುಸ್ತಕ ರೆಡ್ ಬುಕ್‌ನ ಬೆಳವಣಿಗೆ ಪಟದಲ್ಲಿ ಒಂದು ಚುಕ್ಕೆ ಇಟ್ಟರು. "ಒಂಬತ್ತನೇ ಸೆಂಟೈಲ್ ಗೆರೆ. ಚೆನ್ನಾಗಿದ್ದಾಳೆ" ಅಂದರು. ನನಗೆ ಎದೆ ಧಸಕ್ಕೆಂದಿತು. ನೂರಕ್ಕೆ ಒಂಬತ್ತು ಅಂದರೆ ಫೇಲ್ ಅಲ್ವಾ? ಮಾರ್ಕ್ಸ್ ಕಾರ್ಡ್ ನೋಡಿಕೊಂಡೇ ಬೆಳೆದ ತಲೆಗೆ ಬೇರೇನು ಹೊಳೆಯುತ್ತದೆ!

ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಇದೇ ವಯಸ್ಸಿನ ನೂರು ಹೆಣ್ಣುಮಕ್ಕಳನ್ನು ಹಗುರ ಇರುವವರಿಂದ ಶುರುಮಾಡಿ ಸಾಲಾಗಿ ನಿಲ್ಲಿಸಿದರೆ ನಿಮ್ಮವಳು ಒಂಬತ್ತನೆಯವಳು, ಅಷ್ಟೇ. ಯಾರೋ ಒಬ್ಬರು ಅಲ್ಲಿ ನಿಲ್ಲಲೇಬೇಕು. ಎಷ್ಟನೇ ಗೆರೆ ಅನ್ನುವುದಕ್ಕಿಂತ ತನ್ನ ಗೆರೆ ಹಿಡಿದು ಹೋಗುತ್ತಿದ್ದಾಳಾ ಅನ್ನುವುದನ್ನು ನೋಡಿ ಅಂದರು. ಇಲ್ಲಿನ ಪಟದಲ್ಲಿ ಇಂಥ ಹಲವು ಗೆರೆಗಳಿವೆ. ಮಗು ಗೆರೆ ಬಿಟ್ಟು ಕೆಳಕ್ಕೆ ಜಾರತೊಡಗಿದರೆ ಆಗ ವಿಚಾರಿಸುತ್ತಾರೆ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆಗಿಂತ ಜಾಸ್ತಿ ತೂಕ ನೋಡಬೇಡಿ ಅಂತ ಬೇರೆ ಹೇಳುತ್ತಾರೆ. ಸುಮ್ನೆ ಗಾಬರಿಯಾಗುತ್ತೆ ಅಂತ.

ನಮ್ಮದು ತಿರುಮಕೂಡಲು ನರಸೀಪುರದ ಕಡೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಯೋಜನೆಯಾದ ಐಸಿಡಿಎಸ್ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ತಾಲ್ಲೂಕು. ಹಾಗಾಗಿ ಅಂಗನವಾಡಿ ಅಂದರೆ ನನಗೆ ಸ್ವಲ್ಪ ಮನೆಯ ಅಭಿಮಾನ. ಇನ್ನೊಂದು ಜಂಬವೂ ಇದೆ, ಹೇಳಿಬಿಡುತ್ತೇನೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಸಂಶೋಧಕರು ಬಂದರು. ಹುಟ್ಟುವಾಗ ಹಗುರವಾಗಿದ್ದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಅಂತ ಅಲ್ಲಿ ಕಂಡಿತು. ಯಾರೋ ನರ್ಸ್ ಬರೆದ ಒಂದು ಅಂಕಿ ಅರವತ್ತು ವರ್ಷ ಕಾದಿತ್ತು ನೋಡಿ.

"ಬಿಳಿಯರ ಮಕ್ಕಳ ಅಳತೆ ನಮಗ್ಯಾಕೆ?" ಅಂತ ಊರಿನಲ್ಲಿ ಕೇಳುವವರಿದ್ದಾರೆ. ಅದು ಬಿಳಿಯರ ಅಳತೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಗೆರೆ ಹಾಕಿತು. ಭಾರತದಿಂದ ಅದರಲ್ಲಿ ಸೇರಿದವರು ದಕ್ಷಿಣ ದೆಹಲಿಯ ಮಕ್ಕಳು. ಎದೆಹಾಲು, ಸರಿಯಾದ ಊಟ, ಆರೈಕೆ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಮ್ಮಿ ಒಂದೇ ರೀತಿ ಬೆಳೆಯುತ್ತಾರೆ ಅನ್ನುವುದೇ ಅದರಲ್ಲಿ ಕಂಡ ವಿಷಯ. ಲೆಸ್ಟರಿನ ಪುಸ್ತಕಕ್ಕೂ ನಮ್ಮೂರಿನ ತಾಯಿ ಕಾರ್ಡಿಗೂ ಬುಡ ಒಂದೇ.

ಬೇರೆಯಾಗಿರುವುದು ನೋಡುವ ರೀತಿ. ನಮ್ಮಲ್ಲಿ ಪಟದ ಮೇಲೆ ಬಣ್ಣ. ಹಸಿರಾದರೆ ಸರಿ, ಹಳದಿಯಾದರೆ ಎಚ್ಚರ, ಕಿತ್ತಳೆಯಾದರೆ ಓಡು. ತೋಳಿಗೆ ಸುತ್ತುವ ಪಟ್ಟಿಯೂ ಹಾಗೇ: 12.5 ಸೆಂ.ಮೀ.ಗಿಂತ ಕಮ್ಮಿಯಾದರೆ ಹಳದಿ, 11.5ಕ್ಕಿಂತ ಕಮ್ಮಿಯಾದರೆ ಕೆಂಪು. ತೀರಾ ಸೊರಗಿದ ಮಗುವನ್ನು ಬೇಗ ಹುಡುಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಇಲ್ಲಿಗಿಂತ ಅಲ್ಲಿ ಚೆನ್ನಾಗಿರುವುದೂ ಇದೆ. ಲೆಸ್ಟರಿನಲ್ಲಿ ನನ್ನ ಮಗಳ ಉದ್ದವನ್ನು ವರ್ಷವಾದರೂ ಯಾರೂ ಅಳೆಯಲಿಲ್ಲ. ಅನುಮಾನ ಬಂದರೆ ಮಾತ್ರವಂತೆ. ನಮ್ಮೂರಿನ ಅಂಗನವಾಡಿ ಟೀಚರ್ ಎರಡು ವರ್ಷದೊಳಗಿನವರನ್ನು ಹಲಗೆಯ ಮೇಲೆ ಮಲಗಿಸಿ, ದೊಡ್ಡವರನ್ನು ಗೋಡೆಗೆ ನಿಲ್ಲಿಸಿ ಅಳೆಯುತ್ತಾರೆ. ಅಳೆಯಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಕುಳ್ಳಗೆ ದುಂಡಗೆ ಇರುವ ಮಗುವನ್ನು ಬರೀ ತೂಕ ಹಿಡಿಯುವುದಿಲ್ಲ. ಸಾಲದ್ದಕ್ಕೆ ನಮ್ಮ ಕಡೆ ತೂಕದಲ್ಲಿ ಸ್ವೆಟರ್, ಉಡಿದಾರ, ಕಾಲ್ಗಡಗ ಎಲ್ಲ ಸೇರಿರುತ್ತೆ. ಬಿಚ್ಚಿ ಅಂದರೆ ಅಜ್ಜಿಗೆ ದೃಷ್ಟಿಯ ಭಯ.

ನನ್ನ ತಕರಾರು ಬಣ್ಣದ ಬಗ್ಗೆಯೇ. ಮಗು ಈಗ ಎಲ್ಲಿದೆ ಅಂತ ಬಣ್ಣ ಹೇಳುತ್ತದೆ, ಎತ್ತ ಹೊರಟಿದೆ ಅಂತ ಹೇಳುವುದಿಲ್ಲ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗಳ ಕೂಸಿಗೆ ಹನ್ನೊಂದು ತಿಂಗಳು. ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ತೂಕ ಹಾಕಿದ್ದಾರೆ, ತಪ್ಪಿಲ್ಲ. ಅಂಕಿ ಮೊಬೈಲಿಗೆ ಹೋಗಿದೆ, ರಿಜಿಸ್ಟರಿನಲ್ಲೂ ಇದೆ. ತಾಯಿಯ ಕೈಲಿರುವ ಕಾರ್ಡಿನಲ್ಲಿ ಮಾತ್ರ ಪಟ ಖಾಲಿ. ಟೀಚರನ್ನು ಬೈದು ಏನು ಪ್ರಯೋಜನ, ಮೂವತ್ತು ಮಕ್ಕಳು, ಅಡುಗೆ, ಸರ್ವೆ ಎಲ್ಲ ಅವರದ್ದೇ. ನಾನು ರಿಜಿಸ್ಟರಿನ ಅಂಕಿ ಕೇಳಿಕೊಂಡು ಬಂದು ಪೆನ್ನಿನಲ್ಲಿ ಚುಕ್ಕೆ ಇಟ್ಟೆ. ಆರನೇ ತಿಂಗಳು 7.2 ಕೆಜಿ, ಆಮೇಲೆ 7.5, 7.7. ಒಂಬತ್ತಕ್ಕೆ 7.7. ಹತ್ತಕ್ಕೂ 7.7. ಹನ್ನೊಂದಕ್ಕೆ 7.8. ಎಲ್ಲ ತಿಂಗಳೂ ಹಸಿರೇ. ಚುಕ್ಕೆ ಸೇರಿಸಿದರೆ ಗೆರೆ ಮಾತ್ರ ಎಂಟರಿಂದಾಚೆ ಚಾಪೆಯ ಹಾಗೆ ಮಲಗಿತ್ತು.

ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಗೆರೆಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದಳು.

"ಅಣ್ಣ, ಆಗ ಇವನಿಗೆ ಭೇದಿ ಆಗಿತ್ತು. ಮೊಟ್ಟೆ, ತುಪ್ಪ ಕೊಡಬೇಡ, ಬರೀ ಗಂಜಿ ಕುಡಿಸು ಅಂದಿದ್ರು ಅತ್ತೆ." ಸ್ವಲ್ಪ ತಡೆದು ಸೇರಿಸಿದಳು, "ಆಮೇಲೆ ಶುರು ಮಾಡು ಅಂತ ಯಾರೂ ಹೇಳಲೇ ಇಲ್ಲ."