‘ಮೌಡಿ’ ಮೆಚ್ಚುಗೆಗೆ ಮಾಧುರ್ಯವಷ್ಟೇ ಕಾರಣವಲ್ಲ
ಆಶ್ಲಿಂಗ್ ವಾಲ್ಶ್ ನಿರ್ದೇಶಿಸಿದ, ಚಿತ್ರಕಲಾವಿದೆ ಮೌಡ್ ಲೂಯಿಸ್ ಅವರ ಬದುಕನ್ನು ಆಧರಿಸಿದ 2016ರ ‘ಮೌಡಿ’ ಸಿನಿಮಾವನ್ನು ನೋಡುಗರು ಇಷ್ಟೊಂದು ಮೆಚ್ಚಿಕೊಳ್ಳಲು ಅದರ ಪ್ರೇಮಕಥೆಯ ಮಾಧುರ್ಯವೇ ಕಾರಣವೆಂದು ಆ ಸಿನಿಮಾ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನನ್ನ ಅನಿಸಿಕೆ ಬೇರೆ. ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿ ಮನೆಯವರಿಗೇ ಹೊರೆಯೆನಿಸಿದ ಮೌಡ್, ಯಾರೊಂದಿಗೂ ಹೊಂದಿಕೊಳ್ಳದೆ ಮೀನು ಮಾರಿ ಬದುಕುವ ಎವರೆಟ್‌ನ ಗುಡಿಸಲಿನಂತಹ ಮನೆಗೆ ಕೆಲಸದವಳಾಗಿ ಸೇರುತ್ತಾಳೆ. ಈ ಮನೆಯಲ್ಲಿ ಮೊದಲು ತಾನು, ಆಮೇಲೆ ನಾಯಿಗಳು, ಕೋಳಿಗಳು, ಕಡೆಗೆ ನೀನು ಎಂದು ಆತ ಅವಳಿಗೆ ಹೇಳುವುದನ್ನಾಗಲಿ, ಅವಳ ಮೇಲೆ ಕೈ ಮಾಡುವುದನ್ನಾಗಲಿ ಚಿತ್ರ ಮರೆಮಾಚುವುದಿಲ್ಲ. ಈ ಒರಟುತನವನ್ನು ಕಂಡ ಮೇಲೆ, ಆತ ಅವಳನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವ ದೃಶ್ಯ ಯಾವ ಪ್ರೇಮ ಸಂಭಾಷಣೆಗಿಂತಲೂ ಹೆಚ್ಚು ಮಾತನಾಡುತ್ತದೆ. ಮೌಡ್ ಪಾತ್ರದಲ್ಲಿ ಸ್ಯಾಲಿ ಹಾಕಿನ್ಸ್ ಅನುಕಂಪವನ್ನು ಬೇಡುವುದೇ ಇಲ್ಲ. ಓರೆನಗೆಯೊಂದರಲ್ಲೇ ಮೌಡ್‌ಳ ಹಟವನ್ನು ತೋರಿಸುತ್ತಾರೆ. ಎವರೆಟ್ ಪಾತ್ರದ ಈಥನ್ ಹಾಕ್ ಅವರ ಗೊಣಗಾಟವೂ ನನಗೆ ಹಿಡಿಸಿತು, ಹಲವರು ಅದನ್ನು ಅತಿಯಾಯಿತು ಎನ್ನಬಹುದು.

ಕೆನಡಾದ ನೋವಾ ಸ್ಕೋಷಿಯಾದಲ್ಲಿ ನಿಜಕ್ಕೂ ಬದುಕಿದ್ದ ಈ ದಂಪತಿ 1938ರಲ್ಲಿ ಮದುವೆಯಾದರು. ಮೌಡ್ ಗೋಡೆ, ಕಿಟಕಿಯ ಗಾಜು, ಒಲೆಯ ಮೇಲೆಲ್ಲ ಹೂವು ಹಕ್ಕಿಗಳನ್ನು ಬಿಡಿಸಿದ್ದ ಆ ಪುಟ್ಟ ಮನೆಯನ್ನು ಇಂದು ಹ್ಯಾಲಿಫ್ಯಾಕ್ಸ್‌ನ ಕಲಾ ಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಚಿತ್ರದ ಬಗ್ಗೆ ನನ್ನ ಆಕ್ಷೇಪ ಒಂದೇ: ಕಥೆ ಮೂರು ದಶಕಗಳನ್ನು ದಾಟಿದರೂ ಕಾಲ ಸರಿದದ್ದು ಎಷ್ಟೋ ಕಡೆ ನೋಡುಗರಿಗೆ ತಿಳಿಯುವುದೇ ಇಲ್ಲ.