ಐದು ಸಾವಿರದ ಕುಂಬಳಕಾಯಿ

ಚರ್ಚಿನ ಸುಗ್ಗಿ ಹಬ್ಬದ ಲಿಲಾವಿನಲ್ಲಿ ಕುಂಬಳಕಾಯಿಗೆ ಐದು ಸಾವಿರ ರೂಪಾಯಿ ಬಂತು ಅಂದರೆ ಒಂದೋ ಆ ವರ್ಷ ಮಳೆ ಕೈಕೊಟ್ಟಿರಬೇಕು, ಇಲ್ಲವೇ ಚುನಾವಣೆ ಹತ್ತಿರ ಬಂದಿರಬೇಕು. ನಮ್ಮ ಗದಗ ಸೀಮೆಗೆ ಮಳೆ ಕೈಕೊಡುವುದು ಹೊಸದಲ್ಲ. ಎಂಥ ಬರಗಾಲದಲ್ಲೂ ಚರ್ಚಿನ ಕುಂಬಳಕಾಯಿ ನೂರೈವತ್ತು ದಾಟಿದ್ದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಗ್ಗಿ ಹಬ್ಬದ ದಿನ ಸಭೆಯವರು ಹೊಲದಲ್ಲಿ, ಹಿತ್ತಲಲ್ಲಿ ಬೆಳೆದದ್ದನ್ನು ತಂದು ಚರ್ಚಿನೊಳಗೆ ಇಡುತ್ತಾರೆ: ಜೋಳದ ತೆನೆ, ಬಾಳೆಗೊನೆ, ಕಾಲು ಕಟ್ಟಿದ ಹುಂಜ, ಡಬ್ಬಿ ತುಂಬ ಶೇಂಗಾ ಉಂಡಿ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಲಿಲಾವು. ಬಂದ ರೊಕ್ಕ ಸಭೆಗೆ. ಈ ಸಲ ಕುಂಬಳಕಾಯಿ ಎತ್ತಿ ಹಿಡಿದದ್ದೇ ತಡ, ಆರಾಧನೆಗೆ ಬರದೆ ಲಿಲಾವಿಗಷ್ಟೇ ಬಂದಿದ್ದ, ಚುನಾವಣೆಗೆ ನಿಲ್ಲುವ ಬಿಳಿ ಅಂಗಿಯ ಸಾಹೇಬರು "ಐದು ಸಾವಿರ" ಅಂದರು. ಸವಾಲು ಕೂಗುತ್ತಿದ್ದ ಹಿರಿಯರು ಗಾಬರಿಯಲ್ಲಿ ಒಂದು ಸಲ, ಎರಡು ಸಲ ಅನ್ನುವುದನ್ನೇ ಮರೆತರು. ಸಾಹೇಬರು ಕಾಯಿ ಒಯ್ಯಲಿಲ್ಲ. "ಇಲ್ಲೇ ಇರ್ಲಿ, ಇನ್ನೊಮ್ಮೆ ಲಿಲಾವು ಹಾಕ್ರಿ" ಅಂತ ವಾಪಸ್ ಕೊಟ್ಟರು. ಚಪ್ಪಾಳೆ ಬಿತ್ತು. ಎರಡನೇ ಸುತ್ತಿನಲ್ಲಿ ಅದೇ ಕಾಯಿ ಎಂಬತ್ತು ರೂಪಾಯಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಅಲ್ಲಿ ನಡೆಯುವಂತಿರಲಿಲ್ಲ. ಸಾಹೇಬರ ಹೆಗಲ ಮೇಲೆ ಆಗಲೇ ಸಭೆಯವರು ಹೊದಿಸಿದ ಶಾಲು ಇತ್ತು.

ಇದು ಲಂಚವೇ ಅಂತ ಕೇಳಬೇಡಿ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಮತಕ್ಕಾಗಿ ಕೊಡುವ ಉಡುಗೊರೆಯನ್ನು ಭ್ರಷ್ಟಾಚಾರ ಅನ್ನುತ್ತದೆ. ಆದರೆ ಕುಂಬಳಕಾಯಿ ಕೊಂಡವನು ಏನು ಕೊಟ್ಟ ಹಾಗಾಯಿತು? ನೀತಿ ಸಂಹಿತೆಯೋ, ಅದು ಚುನಾವಣೆ ಘೋಷಣೆ ಆದ ಮೇಲೆ ಕಣ್ಣು ಬಿಡುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಮಾರ್ಚ್ 29ರಂದು ಕಣ್ಣು ಬಿಟ್ಟಿತು, ಮೇ ತಿಂಗಳ ಮಧ್ಯದಲ್ಲಿ ಮುಚ್ಚಿತು. ಸಾಹೇಬರು ಕ್ಯಾಲೆಂಡರ್ ನೋಡಿಕೊಂಡೇ ಬರುವವರು. ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಸಿಕ್ಕ ದಶಾಜ್ಞೆಯ ಕಲ್ಲಿನ ಹಲಗೆಗಳ ಮೇಲೆ ಮಾತ್ರ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರಲಿಲ್ಲ. ಆ ಲೋಪವನ್ನು ಚರ್ಚಿನ ಆಡಳಿತ ನೋಡುವ ನಮ್ಮ ಪಾಸ್ಟೊರೇಟ್ ಕಮಿಟಿ ಸರಿಪಡಿಸಿದೆ.

ಹಾಗಂತ ನಮ್ಮಲ್ಲಿ ಶಿಸ್ತಿಲ್ಲ ಅಂದುಕೊಳ್ಳಬೇಡಿ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಶಾಲೆಯ ಜೊತೆಗೆ ಶಿಸ್ತನ್ನೂ ತಂದರು. ಆ ಶಿಸ್ತು ಇವತ್ತಿಗೂ ಇದೆ, ಬಡವರ ಮನೆಗಳಲ್ಲಿ. ಓಣಿಯ ಹುಡುಗಿಯೊಬ್ಬಳು ತನಗೆ ಬೇಕಾದವನನ್ನು ರಿಜಿಸ್ಟರ್ ಮದುವೆ ಆದಾಗ ಕಮಿಟಿ ಎರಡು ಸಲ ಕೂತಿತು, ತಪ್ಪೊಪ್ಪಿಗೆ ಬರೆದುಕೊಡುವ ತನಕ ಅವಳಿಗೆ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಇಲ್ಲ ಅಂತ ಠರಾವು ಮಾಡಿತು. ಅದೇ ಕಮಿಟಿ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಸಾಹೇಬರಿಗೆ ಪಾಸ್ಟರ್ ಅಯ್ಯನವರ ಪಕ್ಕದ ಕುರ್ಚಿ ಹಾಕಿ, ಕೇಕ್ ಕತ್ತರಿಸಲು ಚಾಕು ಕೊಟ್ಟಿತು. ಸಾಹೇಬರ ಮೇಲಿನ ಕೇಸುಗಳನ್ನು ಹುಡುಕುತ್ತ ಯಾರೂ ಅಲೆಯಬೇಕಾಗಿಲ್ಲ, ನಾಮಪತ್ರದ ಪ್ರಮಾಣಪತ್ರದಲ್ಲಿ ಅವರೇ ಬರೆದುಕೊಟ್ಟಿದ್ದಾರೆ. ಬರೆಯದೆ ಮುಚ್ಚಿಟ್ಟರೆ ಅದೇ ಜನಪ್ರತಿನಿಧಿ ಕಾಯ್ದೆಯ 125ಎ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ. ಸುಳ್ಳು ಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಗೆ ಸರಕಾರ ಕಟ್ಟಿದ ಬೆಲೆ ಅಷ್ಟು. ನಾವು ಅದನ್ನೂ ಮಾಫಿ ಮಾಡಿದ್ದೇವೆ.

ನಮ್ಮ ಹಿರಿಯರೊಬ್ಬರನ್ನು ಕೇಳಿದೆ, "ಅಲ್ರೀ, ಆ ಹುಡುಗಿಗೊಂದು ನ್ಯಾಯ, ಈ ಸಾಹೇಬ್ರಿಗೊಂದು ನ್ಯಾಯ ಏನ್ರಿ?"

"ನೀವು ಬೈಬಲ್ ಬರೋಬ್ಬರಿ ಓದಂಗಿಲ್ಲ. ದಾವೀದ ಅರಸ ತಪ್ಪು ಮಾಡಿರಲಿಲ್ಲೇನು? ಆದ್ರೂ ದೇವರು ಅವನ್ನ ಬಿಟ್ಟನೇನು?"

ಓದುತ್ತೇನೆ, ಮಾಫಿ ಆಗುವಲ್ಲಿಗೇ ನಿಲ್ಲಿಸದೆ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಅರಮನೆಗೆ ಕರೆದುಕೊಂಡ ದಾವೀದನ ಎದುರು ನಾತಾನ ಅನ್ನುವ ಪ್ರವಾದಿ ಹೋಗಿ ನಿಂತ. ಬಡವನ ಒಂದೇ ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ ಹೇಳಿ, ಆ ಮನುಷ್ಯ ನೀನೇ ಅಂದ. ನಮ್ಮ ನಾತಾನರು ಶಾಲಿನ ಬಣ್ಣ ಆರಿಸುವುದರಲ್ಲಿ, ಅಭಿನಂದನಾ ಪತ್ರಕ್ಕೆ ಫ್ರೇಮು ಹಾಕಿಸುವುದರಲ್ಲಿ ಇದ್ದಾರೆ. ವ್ಯಭಿಚಾರ ಮಾಡಬಾರದು ಅನ್ನುವ ಏಳನೇ ಆಜ್ಞೆಯ ಸುದ್ದಿ ಎತ್ತುವುದಂತೂ ಬೇಡವೇ ಬೇಡ. 2021ರ ಮಾರ್ಚಿನಲ್ಲಿ ರಾಜ್ಯದ ಆರು ಜನ ಸಚಿವರು, ಮಾನ ಕಳೆಯುವಂಥ ಸುದ್ದಿ ಬಿತ್ತರಿಸಬಾರದು ಅಂತ ಕೋರ್ಟಿನಿಂದ ತಡೆ ತಂದಿದ್ದರು. ಮೋಶೆಯ ಮೇಲೆ ಅಷ್ಟು ಸಲೀಸಾಗಿ ತಡೆಯಾಜ್ಞೆ ತರಲು ಯಾರಿಗೂ ಆಗಿರಲಿಲ್ಲ. (ಅಂದಹಾಗೆ, ಈ ಆಜ್ಞೆ ನಮಗೆ, ಅಂದರೆ ಪ್ರೊಟೆಸ್ಟಂಟರಿಗೆ, ಏಳನೆಯದು, ಕ್ಯಾಥೋಲಿಕರ ಎಣಿಕೆಯಲ್ಲಿ ಆರನೆಯದು. ಸಾಹೇಬರು ಎರಡೂ ಚರ್ಚಿಗೆ ಹೋಗುತ್ತಾರೆ, ಎರಡೂ ಕಡೆ ಭಾಷಣ ಒಂದೇ.)

ನಮ್ಮ ಕಮಿಟಿಗೆ ನಿಜವಾದ ಮೂಲಪುರುಷ ಅಂದರೆ ಮೋಶೆಯ ಅಣ್ಣ ಆರೋನ. ಮೋಶೆ ಬೆಟ್ಟದ ಮೇಲಿದ್ದಾಗ ಕೆಳಗೆ ಜನ ದೇವರು ಬೇಕು ಅಂದರು. ಆರೋನ ಅವರ ಕಿವಿಯ ಬಂಗಾರ ಬಿಚ್ಚಿಸಿ, ಕರಗಿಸಿ, ಕರು ಮಾಡಿಕೊಟ್ಟ. ಮೋಶೆ ಇಳಿದು ಬಂದು ಜಾಡಿಸಿದಾಗ ಅವನ ಉತ್ತರ ನೋಡಬೇಕು: ಈ ಜನ ಎಂಥವರು ಅಂತ ನಿನಗೇ ಗೊತ್ತು, ಬಂಗಾರ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ವಿಮೋಚನಕಾಂಡ 32ರಲ್ಲಿದೆ. ಮಾಡಿದವನು ಯಾರೂ ಅಲ್ಲ, ತಾನಾಗೇ ಬಂತು! ನಮ್ಮ ಚರ್ಚಿನ ಗೇಟಿನ ಪಕ್ಕ "ಶಾಸಕರ ಅನುದಾನದಲ್ಲಿ" ಅಂತ ಕೆತ್ತಿದ ಕಪ್ಪು ಕಲ್ಲು, ಒಳಗಿನ ದಶಾಜ್ಞೆಯ ಫಲಕಕ್ಕಿಂತ ದೊಡ್ಡದು, ಹೆಂಗ ಬಂತ್ರಿ ಅಂತ ಕೇಳಿದರೂ ಕಮಿಟಿಯವರು ಇದೇ ಧಾಟಿಯಲ್ಲಿ ಹೇಳುತ್ತಾರೆ. ಜನ ಕೇಳಿದ್ರು. ಪೇವರ್ಸ್ ಬಂತು. ಅದರ ಜೊತಿ ಕಲ್ಲೂ ಬಂತು.

ಇದರಲ್ಲಿ ಈ ಪಕ್ಷ ಆ ಪಕ್ಷ ಅನ್ನುವ ಭೇದ ಇಲ್ಲ. ಈ ಸಲ ಕುಂಬಳಕಾಯಿ, ಹೋದ ಸಲ ಬಾಳೆಗೊನೆ. ಡಯಾಸಿಸ್ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ಕೂಟ) ಚುನಾವಣೆಯಲ್ಲಿ ನಮ್ಮ ನಮ್ಮೊಳಗೇ ನಡೆಯುವ ಪ್ಯಾನಲ್ಲು, ಪಾರ್ಟಿ, ಓಡಾಟ ನೋಡಿದರೆ ವಿಧಾನಸೌಧದವರು ಇಲ್ಲಿಗೆ ತರಬೇತಿಗೆ ಬರಬೇಕು. ಆ ಸುದ್ದಿ ಇಲ್ಲಿ ಬೇಡ, ನಾನೂ ಅಲ್ಲಿ ವೋಟು ಹಾಕುವವನೇ.

ನಾವು ಸಾಹೇಬರನ್ನು ಕೇಳುವ ಕೆಲಸಗಳು ಸುಳ್ಳಲ್ಲ ಅನ್ನುವುದೂ ನಿಜ. ಸ್ಮಶಾನದಲ್ಲಿ ಜಾಗ ಮುಗಿದಿದೆ. ಅಪ್ಪನ ಗೋರಿಯ ಮೇಲೆ ಮಗನನ್ನು ಇಡುವ ಪರಿಸ್ಥಿತಿ ಬಂದಿದೆ, ಕಂಪೌಂಡಿಲ್ಲದೆ ಎಮ್ಮೆಗಳು ಶಿಲುಬೆಗೆ ಮೈ ತಿಕ್ಕುತ್ತವೆ. ತೆರಿಗೆ ಕಟ್ಟುವ ಊರ ಜನ ಹಕ್ಕಿನಿಂದ ಕೇಳಬಹುದಾದ್ದು ಅದು. ಹಕ್ಕಿನಿಂದ ಕೇಳಿದರೆ ಅರ್ಜಿ ಬರೆಯಬೇಕು, ಮಹಾನಗರಪಾಲಿಕೆಗೋ ನಗರಸಭೆಗೋ ಎಡತಾಕಬೇಕು, ಟಪಾಲು ಶಾಖೆಯ ಶಿಕ್ಕಾ ಹಾಕಿಸಿಕೊಳ್ಳಬೇಕು. ಉಪಕಾರ ಅಂತ ಕೇಳಿದರೆ ಒಂದು ಶಾಲು ಸಾಕು. ಶಾಲು ಅಗ್ಗ.

ಇಷ್ಟರ ನಡುವೆ ಬೆಟಗೇರಿಯ ಅಜ್ಜಿಯೊಬ್ಬರು ಕಮಿಟಿಯನ್ನು ಇಕ್ಕಟ್ಟಿಗೆ ಸಿಕ್ಕಿಸಿದರು. ಮತದಾನದ ಹಿಂದಿನ ರಾತ್ರಿ ಒಂದು ಪಕ್ಷದ ಹುಡುಗ ಬಂದು ಐನೂರರ ನೋಟು ಕೊಟ್ಟು, "ಬೈಬಲ್ ಮುಟ್ಟಿ ಆಣಿ ಮಾಡಬೇ ಯಮ್ಮಾ" ಅಂದನಂತೆ.

"ಆಣಿ ಇಡಬ್ಯಾಡ್ರಿ ಅಂತ ನಮ್ಮ ಸ್ವಾಮಿ ಹೇಳ್ಯಾನೋ ತಮ್ಮಾ."

"ಹಂಗಾರ ನಾ ಹೆಂಗ ನಂಬ್ಲಿ?"

"ಹೌದಂದ್ರ ಹೌದು, ಅಲ್ಲಂದ್ರ ಅಲ್ಲ."

"ಈಗ ಏನಂತಿ?"

"ಈಗ ಏನೂ ಅನ್ನಾಕತ್ತಿಲ್ಲ."

ಹುಡುಗ ನೋಟು ವಾಪಸ್ ಕೇಳಲು ಧೈರ್ಯ ಸಾಲದೆ ಹೋದ. ಅರ್ಧ ತಾಸಿಗೆ ಇನ್ನೊಂದು ಪಕ್ಷದವನು ಬಂದ, ಅವನ ಗತಿಯೂ ಅದೇ. ಕೊಟ್ಟವನಿಗಷ್ಟೇ ಅಲ್ಲ, ಇಸಿದುಕೊಂಡವರಿಗೂ ಕಾನೂನಿನಲ್ಲಿ ಶಿಕ್ಷೆ ಇದೆ ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಮುಂದಿನ ರವಿವಾರ ಅಜ್ಜಿ ಎರಡೂ ನೋಟುಗಳನ್ನು ಮಡಚದೆ, ಎಲ್ಲರಿಗೂ ಕಾಣುವ ಹಾಗೆ ಕಾಣಿಕೆ ತಟ್ಟೆಗೆ ಹಾಕಿದರು. ಎಲ್ಲಿಯ ರೊಕ್ಕ ಅಂತ ಕೇಳಿದವರಿಗೆಲ್ಲ ಜೋರಾಗಿ ಹೇಳಿದರು, ಮೊದಲ ಸಾಲಿಗೂ ಕೇಳಿಸುವ ಹಾಗೆ.

ಕಮಿಟಿ ಸೇರಿತು. ಕಳ್ಳ ರೊಕ್ಕ ದೇವರ ಪೆಟ್ಟಿಗೆಗೆ ಹಾಕುವುದು ಹೆಂಗ? ವಾಪಸ್ ಕೊಡೋಣ ಅಂದರೆ ಯಾರಿಗೆ, ಯಾವ ಮುಖ ಹೊತ್ತು? ಮಹಾಯಾಜಕರಿಗೂ ಇಂಥದೇ ಪೇಚಾಟ ಬಂದಿತ್ತು. ಯೇಸುವನ್ನು ಹಿಡಿದುಕೊಟ್ಟ ಯೂದ ದೇವಾಲಯದಲ್ಲಿ ಎಸೆದು ಹೋದ ಮೂವತ್ತು ಬೆಳ್ಳಿ ನಾಣ್ಯ ಕಾಣಿಕೆ ಪೆಟ್ಟಿಗೆಗೆ ಸಲ್ಲುವುದಿಲ್ಲ ಅಂತ ಅವರು ತೀರ್ಮಾನಿಸಿ, ಅದರಿಂದ ಕುಂಬಾರನ ಹೊಲ ಕೊಂಡು ಪರದೇಶದವರನ್ನು ಹೂಳುವ ಜಾಗ ಮಾಡಿದರು. ನಮ್ಮ ಖಜಾಂಚಿಯವರಿಗೆ ಮತ್ತಾಯ 27 ಬಾಯಿಪಾಠ. ಅಜ್ಜಿಯ ಸಾವಿರ ರೂಪಾಯಿಯನ್ನು ಸ್ಮಶಾನದ ಕಂಪೌಂಡ್ ಖಾತೆಗೆ ಜಮಾ ಮಾಡಿಕೊಂಡು ರಸೀದಿ ಹರಿದರು. ದಾನಿಗಳ ಹೆಸರು ಅನ್ನುವಲ್ಲಿ "ಹಿತೈಷಿಗಳು" ಅಂತ ಬರೆದರು.